ಮಾತಿಗೆ ಇಂಡೆಂಟ್ ಇಲ್ಲ: ಖಿನ್ನತೆ, ಗುಳಿಗೆ ಮತ್ತು ನಮ್ಮ ಜಿಲ್ಲೆ



ನಮ್ಮ ಕಡೆ ದತ್ತಿ ಉಪನ್ಯಾಸ ಅಂದರೆ ವಚನ, ತತ್ವಪದ, ಇಲ್ಲವೇ ಇಟಗಿಯ ದೇವಾಲಯ, ಗವಿಮಠದ ಅಶೋಕನ ಶಾಸನ. ಈ ಸಲ ದಾನಿಗಳು ಆರೋಗ್ಯದ ಮೇಲೊಂದು ಮಾತಾಗಲಿ ಅಂದರಂತೆ, ಸಂಘಟಕರು ನನ್ನನ್ನು ಹಿಡಿದು ತಂದರು. ನಾನು ವೈದ್ಯನಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಕಿಟಕಿಯ ಒಳಗೆ ನಿಂತು ನೌಕರಿ ಮುಗಿಸಿದವನು. ವೈದ್ಯರಿಗೆ ರೋಗಿ ಕಾಣುತ್ತಾನೆ, ನಮಗೆ ಕಾಣುವುದು ಚೀಟಿ. ಆದರೂ ಒಂದು ತಾಲ್ಲೂಕಿನ ಚೀಟಿಗಳನ್ನು ವರ್ಷಗಟ್ಟಲೆ ಓದಿದವನಿಗೆ ಆ ತಾಲ್ಲೂಕಿನ ಒಳಗುದಿ ಸ್ವಲ್ಪ ತಿಳಿದಿರುತ್ತದೆ. ಆ ಧೈರ್ಯದ ಮೇಲೆ ಇಲ್ಲಿ ನಿಂತಿದ್ದೇನೆ.

ಖಿನ್ನತೆಗೆ ಗುಳಿಗೆಯನ್ನು ಅತಿಯಾಗಿ ಬರೆಯಲಾಗುತ್ತಿದೆಯೇ, ಮಾತಿನ ಚಿಕಿತ್ಸೆಯಿಂದಲೇ ವಾಸಿಯಾಗುವವರಿಗೂ ಮಾತ್ರೆ ಕೊಟ್ಟು ಕಳಿಸುತ್ತಿದ್ದೇವೆಯೇ ಎಂಬ ಪ್ರಶ್ನೆ ಈಗ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಓಡಾಡುತ್ತಿದೆ. ಪ್ರಶ್ನೆ ಹುಟ್ಟಿದ್ದು ಪಶ್ಚಿಮದಲ್ಲಿ, ಮತ್ತು ಅಲ್ಲಿ ಅದಕ್ಕೆ ಆಧಾರವಿದೆ. ಇಂಗ್ಲೆಂಡಿನಲ್ಲಿ 2021-22ರ ಒಂದೇ ವರ್ಷದಲ್ಲಿ ಸುಮಾರು 83 ಲಕ್ಷ ಜನರಿಗೆ ಖಿನ್ನತೆ ನಿವಾರಕ ಮಾತ್ರೆ ಬರೆಯಲಾಗಿತ್ತು. ಅಲ್ಲಿನ ಜನಸಂಖ್ಯೆ ಐದೂವರೆ ಕೋಟಿಯ ಮೇಲೆ ಸ್ವಲ್ಪ. ಅಂದರೆ ಏಳು ಜನರಲ್ಲಿ ಒಬ್ಬರು. ಅವರ ವೈದ್ಯಕೀಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2022ರಲ್ಲಿ ಸ್ಪಷ್ಟವಾಗಿ ಹೇಳಿತು: ಖಿನ್ನತೆ ತೀವ್ರವಾಗಿಲ್ಲದಿದ್ದರೆ, ರೋಗಿಯೇ ಬೇಕೆನ್ನದ ಹೊರತು, ಮೊದಲ ಚಿಕಿತ್ಸೆಯಾಗಿ ಮಾತ್ರೆಯನ್ನು ವಾಡಿಕೆಯಂತೆ ಬರೆಯಬೇಡಿ. ಅಲ್ಲಿ ಹಾಗೆ ಹೇಳಬಹುದು. 2008ರಿಂದ ಸರ್ಕಾರವೇ ದುಡ್ಡು ಹಾಕಿ ಸಾವಿರಾರು ಮನೋಚಿಕಿತ್ಸಕರನ್ನು ತಯಾರು ಮಾಡಿಕೊಂಡಿದೆ. ಗುಳಿಗೆ ಬೇಡವೆಂದರೆ ರೋಗಿಯನ್ನು ಕಳಿಸಲು ಒಂದು ಬಾಗಿಲಿದೆ.

ಯಲಬುರ್ಗಾದ ಹೊರ ರೋಗಿ ವಿಭಾಗದಲ್ಲಿ ಕೂತ ವೈದ್ಯ ಯಾವ ಬಾಗಿಲಿಗೆ ಕಳಿಸಬೇಕು? ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ. ಕೊಪ್ಪಳ ಜಿಲ್ಲೆಯಲ್ಲಿ ಖಿನ್ನತೆಯ ಗುಳಿಗೆ ಅತಿಯಾಗಿಲ್ಲ ಎಂಬುದು ನನ್ನ ನಿಲುವು. ಅತಿಯಾಗಿರುವುದು ಖಿನ್ನತೆ ಬಂದವರಿಗೆ ನಾವು ಕೊಡುತ್ತಿರುವ ಬೇರೆ ಗುಳಿಗೆಗಳು.

ಕಿಟಕಿಯ ಎದುರು ಬಂದು ನಿಲ್ಲುವವರು ಯಾರೂ "ನನಗೆ ಖಿನ್ನತೆ" ಅನ್ನುವುದಿಲ್ಲ. "ಎದಿ ದಸಕ್ ಅಂತೈತ್ರೀ." "ತಲಿ ಚಿಂವ್ ಅಂತೈತಿ, ನಿದ್ದಿ ಬರವಲ್ದು." "ಮೈಯೆಲ್ಲಾ ಜಡ, ಕೈಕಾಲಾಗ ಶಕ್ತಿನೇ ಇಲ್ಲ." "ಉಣ್ಣಾಕ ಕುಂತ್ರ ತುತ್ತು ಒಳಗ ಹೋಗವಲ್ದು." ದೇಹದ ಭಾಷೆಯಲ್ಲಿ ಹೇಳಿದ್ದಕ್ಕೆ ದೇಹದ ಔಷಧಿಯೇ ಸಿಗುತ್ತದೆ. ತಲೆನೋವಿಗೆ ಪ್ಯಾರಾಸಿಟಮಾಲ್, ಎದೆ ಉರಿಗೆ ಒಂದು, ಶಕ್ತಿಗೆ ಬಿ-ಕಾಂಪ್ಲೆಕ್ಸ್, ಕ್ಯಾಲ್ಸಿಯಂ. ಹೊರಗೆ ಖಾಸಗಿಯಾಗಿ ತೋರಿಸಿದರೆ ಒಂದು ಸೂಜಿ, ಒಂದು ಸಲಾಯಿನ್. ಸಲಾಯಿನ್ ಹಚ್ಚಿಸಿಕೊಂಡು ಬಂದವರು ಎರಡು ದಿನ ಚಲೋ ಇರುತ್ತಾರೆ. ಒಂದೂವರೆ ತಾಸು ಮಂಚದ ಮೇಲೆ ಮಲಗಿದ್ದಾಗ ಮನೆಯವರು ಪಕ್ಕದಲ್ಲಿ ಕೂತಿದ್ದರಲ್ಲ, ಗುಣ ಅದರದ್ದೋ ಸಲಾಯಿನ್‌ನದ್ದೋ ಅಂತ ನನಗೆ ಯಾವಾಗಲೂ ಅನುಮಾನ.

ಹೆಣ್ಣುಮಕ್ಕಳ ಚೀಟಿಗಳದ್ದು ಇನ್ನೊಂದು ಕಥೆ. "ಬಿಳಿ ಹೋಗತೈತ್ರೀ, ಸೊಂಟ ನೋವು, ಸುಸ್ತು" ಎಂದು ಬಂದವಳಿಗೆ ಮೆಟ್ರೊನಿಡಜೋಲ್ ಮತ್ತು ಕಬ್ಬಿಣಾಂಶದ ಮಾತ್ರೆ. ಮುಂದಿನ ತಿಂಗಳು ಮತ್ತೆ ಅದೇ ಚೀಟಿ, ಅದೇ ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂತೋಷ್ ಚತುರ್ವೇದಿಯವರು 1980ರ ದಶಕದಲ್ಲೇ ಈ ದೂರಿಗೂ ಮನಸ್ಸಿನ ಬಳಲಿಕೆಗೂ ಇರುವ ಸಂಬಂಧವನ್ನು ಬರೆದಿದ್ದರು. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಆಮೇಲೆ ಸಮುದಾಯದ ನಡುವೆಯೇ ಸಮೀಕ್ಷೆ ಮಾಡಿ, ಇಂಥ ಎಷ್ಟೋ ದೂರುಗಳ ಬೆನ್ನಿಗೆ ಸೋಂಕಿಗಿಂತ ಹೆಚ್ಚಾಗಿ ಸಂಕಟ ಇರುವುದನ್ನು ತೋರಿಸಿದರು. ನಮ್ಮ ಹಳ್ಳಿಗಳಿಗೆ ಆ ತಿಳಿವಳಿಕೆ ಇಳಿದಿಲ್ಲ. ಮೆಟ್ರೊನಿಡಜೋಲ್ ಇಳಿದಿದೆ.

ಇನ್ನು ಖಿನ್ನತೆಯೆಂದು ಗುರುತಿಸಿ ಬರೆದಾಗಲೂ ಏನು ಬರೆಯುತ್ತಾರೆ? ಅಮಿಟ್ರಿಪ್ಟಿಲಿನ್, 10 ಇಲ್ಲವೇ 25 ಮಿಲಿಗ್ರಾಂ, ರಾತ್ರಿ ಒಂದು, ಹತ್ತು ದಿನ. ಆ ಪ್ರಮಾಣ ನಿದ್ದೆಗೆ, ಅರೆತಲೆನೋವಿಗೆ, ನರದ ಉರಿಗೆ ಉಪಯೋಗಕ್ಕೆ ಬರುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಅದರ ಹಲವು ಪಟ್ಟು, 75ರಿಂದ 150 ಮಿಲಿಗ್ರಾಂ. ಈ ಜಾತಿಯ ಯಾವ ಔಷಧಿಯೂ ಎರಡು ವಾರಕ್ಕೆ ಮೊದಲು ಮನಸ್ಸನ್ನು ಎತ್ತುವುದು ಅಪರೂಪ. ಪೂರ್ಣ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಹತ್ತು ದಿನದ ಗುಳಿಗೆಯಿಂದ ರೋಗಿಗೆ ಸಿಗುವುದು ಬಾಯಿ ಒಣಗುವುದು, ಮಲಬದ್ಧತೆ, ಹಗಲು ತೂಕಡಿಕೆ. ಲಾಭ ಬರುವ ಮುಂಚೆ ತೊಂದರೆ ಬಂದಿರುತ್ತದೆ. "ಆ ಗುಳಿಗಿ ನನಗ ಹಿಡಿಸಲಿಲ್ಲ" ಎಂದು ಬಿಡುತ್ತಾರೆ. ಇದನ್ನು ಅತಿ ಎನ್ನಬೇಕೋ ಕಡಿಮೆ ಎನ್ನಬೇಕೋ ನೀವೇ ಹೇಳಿ. ಬರೆದದ್ದನ್ನು ಎಣಿಸಿದರೆ ಅತಿ, ಚಿಕಿತ್ಸೆಯಾದದ್ದನ್ನು ಎಣಿಸಿದರೆ ಸೊನ್ನೆ.

ಲೆಕ್ಕ ನೋಡೋಣ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಮುಖ್ಯ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ. ನಿಮ್ಹಾನ್ಸ್ ಇರುವ ರಾಜ್ಯವೇ ಹೊರಗುಳಿಯಿತು ಅನ್ನುವುದು ಒಂದು ತಮಾಷೆ. ಸಮೀಕ್ಷೆಯ ಹೊತ್ತಿಗೆ ವಯಸ್ಕರಲ್ಲಿ ಶೇ. 2.7ರಷ್ಟು ಜನ ಖಿನ್ನತೆಯಲ್ಲಿದ್ದರು, ಅವರಲ್ಲಿ ಶೇ. 85ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆ 13 ಲಕ್ಷ 90 ಸಾವಿರ. ವಯಸ್ಕರು ಎಂಟೂವರೆ ಲಕ್ಷ ಅಂತ ಹಿಡಿದು ಅದೇ ಪ್ರಮಾಣ ಹಾಕಿದರೆ ಸುಮಾರು 23 ಸಾವಿರ ಜನ ಈ ಹೊತ್ತು ಖಿನ್ನತೆಯಲ್ಲಿರುತ್ತಾರೆ, ಚಿಕಿತ್ಸೆಯೊಳಗೆ ಇರುವವರು ಮೂರೂವರೆ ಸಾವಿರ. ಇದು ಬರೀ ಅಂದಾಜು. ಅರ್ಧದಷ್ಟು ತಪ್ಪಿದ್ದರೂ ಚಿತ್ರ ಬದಲಾಗುವುದಿಲ್ಲ. ಹತ್ತೊಂಬತ್ತು ಸಾವಿರದಷ್ಟು ಜನರಿಗೆ ಗುಳಿಗೆಯೂ ಇಲ್ಲ, ಮಾತೂ ಇಲ್ಲ.

ಈ ಸ್ಥಿತಿಗೆ ಯೋಜನೆಗಳ ಕೊರತೆ ಕಾರಣವಲ್ಲ. ಇಡೀ ದೇಶಕ್ಕೆ ಮಾದರಿಯಾದ ಯೋಜನೆ ನಮ್ಮ ಪಕ್ಕದ ಹೊಲದಲ್ಲೇ ಬಿತ್ತಿದ್ದು. ನಿಮ್ಹಾನ್ಸ್‌ನವರು 1970ರ ದಶಕದ ನಡುವೆ ಬೆಂಗಳೂರು ಹೊರವಲಯದ ಸಕಲವಾರದಲ್ಲಿ ಹಳ್ಳಿಗರಿಗೆ ಹಳ್ಳಿಯ ಆರೋಗ್ಯ ಸಿಬ್ಬಂದಿಯಿಂದಲೇ ಮಾನಸಿಕ ಚಿಕಿತ್ಸೆ ಕೊಡಬಹುದೇ ಎಂದು ಪರೀಕ್ಷೆ ಮಾಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡೋಣವೆಂದು ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್ ಮೊದಲಾದವರು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಿಗಳನ್ನು ಒದಗಿಸಿ ಕೆಲಸ ನಡೆಯಿತು. ಬಳ್ಳಾರಿ ಮಾದರಿ ಎಂಬ ಹೆಸರಿನಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹಬ್ಬಿತು. ಆಗ ನಾವು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದೆವು. ಕೊಪ್ಪಳ ಬೇರೆಯಾದದ್ದು 1997ರಲ್ಲಿ. ತುಂಗಭದ್ರಾ ಅಣೆಕಟ್ಟಿನ ಹೊಸಪೇಟೆ ದಂಡೆಯಲ್ಲಿ ಮಾದರಿ ಜಿಲ್ಲೆ, ಮುನಿರಾಬಾದ್ ದಂಡೆಯಲ್ಲಿ ನಾವು.

ಆ ಮಾದರಿಯ ಮೂಲ ಕನಸಿನಲ್ಲಿ ಸಮುದಾಯದ ಪಾಲು ದೊಡ್ಡದಿತ್ತು. ನಡೆಯುತ್ತಾ ನಡೆಯುತ್ತಾ ಉಳಿದದ್ದು ಔಷಧಿ ಹಂಚಿಕೆ. ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಉತ್ತರ ಭಾರತದ ಒಂದು ಕಡೆ ಈ ಕಾರ್ಯಕ್ರಮದ ಜತೆ ತಿರುಗಾಡಿ 2009ರಲ್ಲಿ ಒಂದು ಪ್ರಬಂಧ ಬರೆದರು. ಗುಳಿಗೆಯೇ ನೀತಿಯನ್ನು ನುಂಗಿತು ಎಂಬರ್ಥದ ತಲೆಬರಹ ಅದಕ್ಕೆ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಗುಳಿಗೆಗೆ ಒಂದು ದಾರಿ ಇದೆ. ನಾವು ಇಂಡೆಂಟ್ ಹಾಕುತ್ತೇವೆ, ಜಿಲ್ಲಾ ಔಷಧ ಉಗ್ರಾಣದಿಂದ ಪೆಟ್ಟಿಗೆ ಬರುತ್ತದೆ, ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ, ಎಕ್ಸ್‌ಪೈರಿ ನೋಡಿ ಮುಂದಿಡುತ್ತೇವೆ, ಖರ್ಚಾದರೆ ಮತ್ತೆ ಇಂಡೆಂಟ್. ಆಡಿಟ್‌ನವರು ಬಂದು ಕೇಳಿದರೆ ಲೆಕ್ಕ ಕೊಡುತ್ತೇವೆ. ಮಾತಿಗೆ ಇಂಡೆಂಟ್ ಇಲ್ಲ. ಯಾರೋ ಒಬ್ಬ ನರ್ಸಮ್ಮ ಅರ್ಧ ಗಂಟೆ ಕೂತು ಒಬ್ಬ ಬಾಣಂತಿಯ ಅಳಲು ಕೇಳಿದರೆ ಅದನ್ನು ಬರೆಯುವ ಕಾಲಂ ಯಾವ ರಿಜಿಸ್ಟರಿನಲ್ಲೂ ನಾನು ಕಂಡಿಲ್ಲ. ಸರ್ಕಾರದಲ್ಲಿ ಕಾಲಂ ಇಲ್ಲದ ಕೆಲಸ ಹೆಚ್ಚು ದಿನ ಬದುಕುವುದಿಲ್ಲ.

ನ್ಯಾಯವಾಗಿ ಹೇಳಬೇಕು: ಕರ್ನಾಟಕ ಬೇರೆ ಎಷ್ಟೋ ರಾಜ್ಯಗಳಿಗಿಂತ ಮುಂದಿದೆ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. 2015ರಲ್ಲಿ ಕೊಪ್ಪಳಕ್ಕೇ ವೈದ್ಯಕೀಯ ಕಾಲೇಜು ಬಂತು. ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರ ಹುದ್ದೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿತು. ಆದರೆ ಒಂದು ಮಂಗಳವಾರದ ಸಾಲನ್ನು ನೋಡಿ. ಸ್ಕಿಜೋಫ್ರೇನಿಯಾ ಇರುವವರು, ಮೂರ್ಛೆರೋಗದವರು, ಕುಡಿತ ಬಿಡಿಸಲು ಕರೆತಂದವರು, ಅಂಗವಿಕಲ ಪ್ರಮಾಣಪತ್ರಕ್ಕೆ ಬಂದವರು. ಒಬ್ಬ ವೈದ್ಯ ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟರೆ ಅದೇ ಔದಾರ್ಯ. ಐದು ನಿಮಿಷದಲ್ಲಿ ಮಾಡಬಹುದಾದ ಪ್ರಾಮಾಣಿಕ ಕೆಲಸ ಚೀಟಿ ಬರೆಯುವುದೊಂದೇ. ಆ ವೈದ್ಯರನ್ನು ಗುಳಿಗೆ ಪಕ್ಷಪಾತಿ ಎಂದು ಬೈಯುವವರು ಆ ಸಾಲಿನಲ್ಲಿ ಒಂದು ಬೆಳಗು ನಿಂತು ಬರಲಿ.

ಗುಳಿಗೆ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಈ ಔಷಧಿಗಳು ಕಣ್ಣಿಗೆ ಬಿದ್ದದ್ದೇ ಆಕಸ್ಮಿಕವಾಗಿ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಇಪ್ರೊನಯಜಿಡ್ ಕೊಟ್ಟಾಗ ಅವರು ಅತಿಯಾಗಿ ಲವಲವಿಕೆ ತೋರಿದ್ದು ವೈದ್ಯರಿಗೆ ಕಂಡಿತು. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್, ಸ್ಕಿಜೋಫ್ರೇನಿಯಾಕ್ಕೆಂದು ಪರೀಕ್ಷಿಸುತ್ತಿದ್ದ ಇಮಿಪ್ರಮಿನ್ ಖಿನ್ನತೆಗೆ ಆಗುತ್ತದೆಂದು ಕಂಡುಕೊಂಡರು. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಚಿಪ್ರಿಯಾನಿ ತಂಡ 522 ಪ್ರಯೋಗಗಳನ್ನು, ಒಂದು ಲಕ್ಷ 16 ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಮಾಡಿ ನೋಡಿದಾಗ 21 ಔಷಧಿಗಳೂ ಮದ್ದಿನ ಅಂಶವಿಲ್ಲದ ಹುಸಿ ಗುಳಿಗೆಗಿಂತ ಮೇಲೆಂದು ಬಂತು. ಎಷ್ಟು ಮೇಲೆ ಎಂಬುದರಲ್ಲಿ ಜಗಳವಿದೆ. ಸರಾಸರಿ ಲಾಭ ಸಣ್ಣದು, ರೋಗ ತೀವ್ರವಾದಷ್ಟೂ ಅದು ಎದ್ದು ಕಾಣುತ್ತದೆ ಎನ್ನುವವರಿದ್ದಾರೆ. ಮೆದುಳಿನಲ್ಲಿ ಸೆರೊಟೊನಿನ್ ಕಡಿಮೆಯಾಗುವುದೇ ಖಿನ್ನತೆ ಎಂದು ನಮ್ಮ ಮೆಡಿಕಲ್ ರೆಪ್‌ಗಳು ಹಾಳೆ ಹಿಡಿದು ಹೇಳುತ್ತಿದ್ದ ಸರಳ ಕಥೆಗೆ ಆಧಾರ ಸಾಲದು ಎಂದು 2022ರಲ್ಲಿ ಜೊವಾನಾ ಮಾಂಕ್ರಿಫ್ ತಂಡ ಬರೆದದ್ದೂ ದೊಡ್ಡ ಸುದ್ದಿಯಾಯಿತು. ಕಾರಣದ ಕಥೆ ಬಿದ್ದರೂ ಔಷಧಿಯ ಪರಿಣಾಮ ಬೀಳುವುದಿಲ್ಲ, ಅದು ಬೇರೆ ಇದು ಬೇರೆ. ಮಾತಿನ ಚಿಕಿತ್ಸೆಯೂ ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಗುಳಿಗೆಗೆ ಸಮ, ನಿಲ್ಲಿಸಿದ ಮೇಲೂ ಅದರ ಗುಣ ಹೆಚ್ಚು ಕಾಲ ಉಳಿಯುತ್ತದೆ. ತೀವ್ರವಾದಾಗ ಎರಡೂ ಕೂಡಿದರೆ ಒಳ್ಳೆಯದು. ಇಷ್ಟರ ಮಟ್ಟಿಗೆ ಸಂಶೋಧನೆಯಲ್ಲಿ ಬಹುಮಟ್ಟಿನ ಒಮ್ಮತವಿದೆ.

ಈಗ ಗೋವಾಕ್ಕೆ ಬನ್ನಿ. ನಮ್ಮ ಕುಷ್ಟಗಿ, ಯಲಬುರ್ಗಾದ ಜನ ಗುಳೆ ಹೋಗುವ ಗೋವಾ. ಅಲ್ಲಿ ವಿಕ್ರಂ ಪಟೇಲ್ ತಂಡ ನಡೆಸಿದ ಎರಡು ಪ್ರಯೋಗಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ಮೊದಲನೆಯದು 2003ರಲ್ಲಿ ಪ್ರಕಟವಾಯಿತು. ಹೊರ ರೋಗಿಗಳಾಗಿ ಬಂದ 450 ಜನರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ಫ್ಲುಆಕ್ಸೆಟಿನ್, ಒಂದಕ್ಕೆ ಹುಸಿ ಗುಳಿಗೆ, ಒಂದಕ್ಕೆ ಮಾತಿನ ಚಿಕಿತ್ಸೆ. ಎರಡು ತಿಂಗಳಾದ ಮೇಲೆ ನೋಡಿದರೆ ಫ್ಲುಆಕ್ಸೆಟಿನ್ ಗೆದ್ದಿತ್ತು. ಮಾತಿಗೂ ಹುಸಿ ಗುಳಿಗೆಗೂ ವ್ಯತ್ಯಾಸವೇ ಕಾಣಲಿಲ್ಲ. ಬಡ ದೇಶಗಳಿಗೆ ಗುಳಿಗೆಯೇ ಸಾಕು ಎಂದು ಹೇಳಿ ಅಲ್ಲಿಗೆ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಎಂಥ ಮಾತು, ಯಾರು ಆಡಬೇಕು, ಎಷ್ಟು ಸಲ, ಆಡಿದ್ದು ಸರಿಯೋ ತಪ್ಪೋ ಎಂದು ಯಾರು ನೋಡಬೇಕು ಎಂದು ಮತ್ತೆ ಮೊದಲಿನಿಂದ ಕಟ್ಟಿದರು.

ಎರಡನೆಯದು ಬಂದದ್ದು 2017ರಲ್ಲಿ, ಲ್ಯಾನ್ಸೆಟ್‌ನಲ್ಲೇ. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಖಿನ್ನತೆ ತೀವ್ರವಾಗಿದ್ದ 495 ಜನ. ಮಾತಾಡಿದವರು ಮನಃಶಾಸ್ತ್ರ ಓದಿದವರಲ್ಲ, ಸ್ಥಳೀಯರು. ತರಬೇತಿ ಕೊಟ್ಟು ತಯಾರು ಮಾಡಿದ್ದು. ವಾರಕ್ಕೊಮ್ಮೆ ಅರ್ಧ ಗಂಟೆ, ನಲವತ್ತು ನಿಮಿಷ; ಆರರಿಂದ ಎಂಟು ಭೇಟಿ. ಅದರಲ್ಲಿ ಗೂಢವೇನೂ ಇಲ್ಲ. ಖಿನ್ನತೆಯಲ್ಲಿ ಮನುಷ್ಯ ಒಂದೊಂದಾಗಿ ಕೆಲಸ ಕೈಬಿಡುತ್ತಾನೆ, ಕೈಬಿಟ್ಟಷ್ಟೂ ಕುಸಿಯುತ್ತಾನೆ. ಆ ಕೈಬಿಟ್ಟದ್ದನ್ನು ದಿನದ ವೇಳಾಪಟ್ಟಿ ಹಾಕಿ ಮತ್ತೆ ಹಿಡಿಸುವುದು. ಭಾಗ್ಯನಗರದಲ್ಲಿ ಮಗ್ಗಕ್ಕೆ ಕೂರುವುದನ್ನು ಬಿಟ್ಟ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಮೊದಲ ವಾರ ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ಬಾಗಿಲಲ್ಲಿ ಹತ್ತು ನಿಮಿಷ ಕೂರುವುದು. ಎರಡನೇ ವಾರ ಓಣಿಯ ಗೆಳತಿಯ ಮನೆಗೆ ಹೋಗಿ ಬರುವುದು. ಮೂರನೇ ವಾರ ನೇಯುವುದು ಬೇಡ, ಮಗ್ಗದ ಧೂಳು ಒರೆಸುವುದು. ಇಂಥದ್ದು. ಮೂರು ತಿಂಗಳಲ್ಲಿ ಈ ಗುಂಪಿನವರಲ್ಲಿ ಶೇ. 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು. ವಾಡಿಕೆಯ ಚಿಕಿತ್ಸೆಯನ್ನೇ ಸ್ವಲ್ಪ ಸುಧಾರಿಸಿ ಕೊಟ್ಟ ಗುಂಪಿನಲ್ಲಿ ಶೇ. 39. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಆಸ್ಪತ್ರೆಯ ಹೊರಗೆ ಬೆಂಚು ಹಾಕಿಸಿ ಅಜ್ಜಿಯಂದಿರನ್ನು ಕೂರಿಸಿದ್ದೂ ಇದೇ ದಾರಿಯದ್ದು, ಅದರ ಫಲವೂ 2016ರಲ್ಲಿ ಪ್ರಕಟವಾಗಿದೆ.

ಮಾತು ಎರಡು ಪ್ರಯೋಗಗಳಲ್ಲೂ ಇತ್ತು. ಒಂದರಲ್ಲಿ ಸೋತಿತು, ಒಂದರಲ್ಲಿ ಗೆದ್ದಿತು. ಗೆದ್ದ ಕಡೆ ಮಾತಿಗೂ ಒಂದು ಕೈಪಿಡಿ ಇತ್ತು, ಡೋಸ್ ಇತ್ತು, ಕೋರ್ಸ್ ಇತ್ತು. ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಸಮಾಲೋಚಕರೇ ಕೂಡಿ ಕೇಳಿ ಒಬ್ಬರಿಗೊಬ್ಬರು ಅಂಕ ಹಾಕುತ್ತಿದ್ದರು. ನಮ್ಮಲ್ಲಿ ಸಮಾಲೋಚನೆ ಎಂದರೆ ಬಹಳ ಸಲ "ಧೈರ್ಯ ತಗೋ ತಂಗಿ, ಏನೂ ಆಗಂಗಿಲ್ಲ, ಮಕ್ಕಳ ಮಾರಿ ನೋಡಿ ನಗು" ಎಂಬ ಬುದ್ಧಿವಾದ. ಅದು ಖಿನ್ನತೆಗೆ ಹತ್ತು ದಿನದ ಅಮಿಟ್ರಿಪ್ಟಿಲಿನ್ ಇದ್ದ ಹಾಗೆ. ಗುಳಿಗೆಯ ಬದಲು ಮಾತು ಬೇಕು ಎನ್ನುವವರು ಇದನ್ನು ಮರೆಯಬಾರದು.

ಮೆಡಿಕಲ್ ಶಾಪಿನ ಬಗ್ಗೆ ಹೇಳದಿದ್ದರೆ ನನ್ನ ಕಸುಬಿಗೆ ಮೋಸ. ನಿಜವಾದ ಅತಿ ಅಲ್ಲಿದೆ. ಆಲ್ಪ್ರಜೊಲಾಮ್, ಡಯಾಜಿಪಾಮ್ ಖಿನ್ನತೆಯ ಔಷಧಿಗಳಲ್ಲ, ಕಳವಳ ಇಳಿಸಿ ನಿದ್ದೆ ತರಿಸುವಂಥವು. ಒಂದು ತಿಂಗಳು ದಾಟಿದರೆ ಚಟ ಹಿಡಿಸುವ ಶಕ್ತಿ ಅವಕ್ಕಿದೆ. 2014ರ ಮಾರ್ಚ್‌ನಿಂದ ಅವು ಎಚ್-1 ಅನುಸೂಚಿಯಲ್ಲಿವೆ: ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಹೀಗಿದ್ದರೂ ಒಂದು ಹಳೆಯ ಚೀಟಿ, ಮಡಿಕೆಗಳಲ್ಲಿ ಹರಿದು, ಅಂಟು ಟೇಪು ಹಚ್ಚಿಸಿಕೊಂಡು, ವರ್ಷಗಟ್ಟಲೆ ಅಂಗಡಿಯಿಂದ ಅಂಗಡಿಗೆ ಓಡಾಡುವುದನ್ನು ನಾನು ಕಂಡಿದ್ದೇನೆ. ಬರೆದ ವೈದ್ಯರಿಗೆ ವರ್ಗವಾಗಿರುತ್ತದೆ, ಚೀಟಿಗೆ ವರ್ಗವಿಲ್ಲ. ಕೋಲ್ಕತ್ತಾದಲ್ಲಿ ಸ್ಟೀಫನ್ ಎಕ್ಸ್ ಎಂಬ ಮಾನವಶಾಸ್ತ್ರಜ್ಞರು ಖಿನ್ನತೆಯ ಔಷಧಿಗಳು ಹೀಗೆಯೇ ಪದವಿಯಿಲ್ಲದ ವೈದ್ಯರ ಕೈಯಿಂದಲೂ ತೇಲಾಡುವ ಚೀಟಿಗಳಿಂದಲೂ ಹರಡುವುದನ್ನು ವಿವರವಾಗಿ ಬರೆದಿದ್ದಾರೆ. ಮನೆಯಲ್ಲಿ ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರೂ ನುಂಗುತ್ತಾರೆ. "ಇದು ಅಕ್ಕಗ ಚಲೋ ಆಗೇತ್ರೀ, ನನಗೂ ಒಂದ್ ಪಟ್ಟಿ ಕೊಡ್ರಿ."

ಇನ್ನು ಜೋಡಿ ಗುಳಿಗೆಗಳು. ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಸಿನ್ ಸೇರಿಸಿದ ಒಂದು ಮಾತ್ರೆಯನ್ನು ಸಾಮಾನ್ಯ ವೈದ್ಯರು ಟೆನ್ಶನ್, ಹೊಟ್ಟೆ ಉರಿ, ನಿತ್ರಾಣ ಎಲ್ಲಕ್ಕೂ ಬರೆಯುತ್ತಿದ್ದರು. ತಯಾರಿಸಿದ ಕಂಪನಿಯ ತವರಾದ ಡೆನ್ಮಾರ್ಕಿನಲ್ಲೇ ಅದಕ್ಕೆ ಮಾರಾಟದ ಅನುಮತಿ ಇರಲಿಲ್ಲ ಎಂಬುದನ್ನು 2012ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಎತ್ತಿ ತೋರಿಸಿತು. 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದರ ತಯಾರಿಕೆ, ಮಾರಾಟ ತಡೆಯಿತು. ಆಮೇಲೆ ಅದು ಕೋರ್ಟು ಕಚೇರಿಯ ವಿಷಯವಾಯಿತು. ಖಿನ್ನತೆಯ ಗುಳಿಗೆ ಅತಿಯಾಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಗುಳಿಗೆ ಎಂದು.

ನಮ್ಮ ಜನ ಮಾತಿಗೆ ಎಲ್ಲಿಗೆ ಹೋಗುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆಂದು ಹುಲಿಗಿಯ ದಾರಿ ಹಿಡಿದವರನ್ನು ನೋಡಿದ್ದೀರಿ. ಮನೋವೈದ್ಯರು ತಾಲ್ಲೂಕಿಗೆ ಬರುವ ದಿನ ಹುಲಿಗೆಮ್ಮನ ದಿನವೂ ಹೌದು, ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಬೇಕಾಗಿಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಅವಸರ ನನಗಿಲ್ಲ. ನಿಮ್ಹಾನ್ಸ್‌ನವರೇ ಆದ ಆರ್. ರಘುರಾಮ್ ತಂಡ ತಮಿಳುನಾಡಿನ ಒಂದು ಹಳ್ಳಿಯ ಗುಡಿಯಲ್ಲಿ ಉಳಿದುಕೊಂಡಿದ್ದ 31 ಜನ ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣಗಳು ಶೇ. 20ರ ಹತ್ತಿರ ಇಳಿದಿದ್ದವು. ಅಲ್ಲಿ ಮಂತ್ರ ಮಾಟ ಏನೂ ಇರಲಿಲ್ಲ. ಊಟ, ಸಣ್ಣಪುಟ್ಟ ಕೆಲಸ, ಜತೆಗೊಬ್ಬ ಮನೆಯವರು, ಬೈಯದ ವಾತಾವರಣ. 31 ಜನರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು ನಿಜ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಮನೋರೋಗಿಗಳು ಬೆಂಕಿಗೆ ಬಲಿಯಾದದ್ದನ್ನೂ ಮರೆಯಲಾಗದು. ಆದರೆ ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರೂ ಮುಜಾವರರೂ ಒಂದೇ ಆವರಣದಲ್ಲಿ ಕೆಲಸ ಮಾಡಿದ್ದಾರೆ. ಹುಲಿಗಿಯಲ್ಲಿ ಹುಣ್ಣಿಮೆಯ ದಿನ ಒಂದು ಕೊಠಡಿ, ಇಬ್ಬರು ತರಬೇತಾದ ಸಮಾಲೋಚಕರು ಎಂದರೆ ದೇವಿಯೇನೂ ಮುನಿಯಲಾರಳು.

ಗುಳಿಗೆ, ಮಾತು ಎರಡೂ ಮುಟ್ಟದ ಜಾಗವೊಂದಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದ ವಾರ ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳವರಲ್ಲಿ ಎಷ್ಟು ಜನ ಮಲಗಿದ್ದರು? ಯಾರೂ ಅದನ್ನು ರೋಗವೆನ್ನಲಿಲ್ಲ. ಗೇಟಿಗೆ ತಡೆ ಕೂತ ಮೇಲೆ ಬಹುಜನರಿಗೆ ನಿದ್ದೆಯೂ ಬಂತು. ಅಂಥ ಸಂಕಟಕ್ಕೆ ಗುಳಿಗೆ ಕೊಟ್ಟರೆ ಅದೇ ಅತಿ. ಕುಷ್ಟಗಿಯಲ್ಲಿ ದುಂಡಾಣು ಅಂಗಮಾರಿಗೆ ದಾಳಿಂಬೆ ತೋಟವನ್ನೇ ಕಿತ್ತು ಹಾಕಿದವನದ್ದು ಬೇರೆ. ಅವನ ಸಾಲ ನಿಜ. ಆ ಸಾಲದ ಮೇಲೆ ತಿಂಗಳುಗಟ್ಟಲೆ ಕೂತು ಖಿನ್ನತೆಯೂ ನಿಜವಾಗಿರುತ್ತದೆ. ಅವನಿಗೆ ಗುಳಿಗೆ ಬೇಕಾಗಬಹುದು, ಜತೆಗೆ ಸಾಲದ ಕಡೆಗೂ ಯಾರಾದರೂ ನೋಡಬೇಕು. ಸಂಘದ ವಾರದ ಕಂತಿಗೆ ಹೆದರಿ ಮನೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಸಾಲುಗಟ್ಟಿದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಅದೂ ಒಂದು ಖಿನ್ನತೆ ನಿವಾರಕವೇ. ಇದು ಹುಡುಗಾಟದ ಮಾತಲ್ಲ: ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನಗದು ನೆರವು ಕೊಟ್ಟ ಕಡೆ ಆತ್ಮಹತ್ಯೆಗಳು ಶೇ. 18ರಷ್ಟು ತಗ್ಗಿದ್ದನ್ನು 2019ರ ಅಧ್ಯಯನವೊಂದು ತೋರಿಸಿದೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಒಬ್ಬ ಸಮಾಲೋಚಕ ದಿನಕ್ಕೆ ಆರು ಜನರನ್ನು ನೋಡಿದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದೂವರೆ ಸಾವಿರ ಭೇಟಿ. ತಲೆಗೆ ಎಂಟು ಭೇಟಿಯಂತೆ ಇನ್ನೂರಕ್ಕೆ ಸ್ವಲ್ಪ ಕಡಿಮೆ ಜನ. ನಮ್ಮ ಅಂದಾಜಿನ 23 ಸಾವಿರಕ್ಕೆ ಸುಮಾರು 120 ಸಮಾಲೋಚಕರು ಬೇಕು. ಜಿಲ್ಲೆಗೆ ಅದು ಅಸಾಧ್ಯದ ಸಂಖ್ಯೆಯೇನಲ್ಲ, ಎಂ.ಎಸ್.ಡಬ್ಲ್ಯು. ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಈ ಸಭಾಂಗಣದಲ್ಲೇ ಇದ್ದಾರೆ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟೋಣ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತದ್ದನ್ನು ನೋಡಿದ ಮೇಲೆ, ಕೂಲಿ ಕೊಡದೆ ಇನ್ನೊಂದು ಕೆಲಸ ಹೇಳಲು ನಾಚಿಕೆಯಾಗಬೇಕು.

ಅದೆಲ್ಲ ಸರ್ಕಾರ ಮಾಡುವಾಗ ಮಾಡಲಿ. ನಾಳೆಯೇ ಆಗಬಹುದಾದದ್ದು ಕೆಲವಿವೆ. ವೈದ್ಯರು ಖಿನ್ನತೆಯ ಚೀಟಿ ಬರೆಯುವಾಗ ಶುರುವಿನ ತಾರೀಖಿನ ಜತೆ ಮತ್ತೆ ನೋಡುವ ತಾರೀಖನ್ನೂ, ಎಂದು ಕಡಿಮೆ ಮಾಡುವ ಯೋಚನೆ ಎಂಬುದನ್ನೂ ಬರೆಯಲಿ. ಗುಳೆ ಹೋಗುವವರಿಗೆ ಎರಡು ತಿಂಗಳ ಗುಳಿಗೆಯನ್ನು ಒಮ್ಮೆಲೇ ಕೊಡುವುದು ಅನುಕೂಲ. ಆದರೆ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಿಗಳು ಅತಿಯಾಗಿ ನುಂಗಿದರೆ ಜೀವಕ್ಕೆ ಅಪಾಯ. ಜಿಗುಪ್ಸೆಯ ಮಾತಾಡುವವರಿಗೆ ಅಷ್ಟು ಕೊಡಬಾರದು, ಕೊಟ್ಟರೆ ಮನೆಯವರ ಕೈಗೆ ಕೊಡಬೇಕು. ನನ್ನ ಕಸುಬಿನ ತಮ್ಮಂದಿರು ಪಟ್ಟಿ ಕತ್ತರಿಸಿ ಕೊಡುವಾಗ "ಎರಡು ವಾರ ಏನೂ ಅನಿಸಂಗಿಲ್ಲ, ಬಿಡಬ್ಯಾಡ್ರಿ" ಎಂದು ಒಂದು ಮಾತು ಹೇಳಲಿ. ಅದಕ್ಕೆ ಯಾವ ತರಬೇತಿಯೂ ಬೇಡ.

ಇನ್ನು ಈ ಸಭೆಯಲ್ಲಿ, ಇಲ್ಲವೇ ಈ ಪುಸ್ತಿಕೆಯನ್ನು ಓದುತ್ತಿರುವವರಲ್ಲಿ, ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿರುವವರು ಇದ್ದೇ ಇರುತ್ತಾರೆ. ನನ್ನ ಮಾತು ಕೇಳಿ ಯಾರೂ ಇವತ್ತು ರಾತ್ರಿಯ ಗುಳಿಗೆ ತಪ್ಪಿಸಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತು, ಮೈಯಲ್ಲಿ ವಿದ್ಯುತ್ ಹರಿದಂಥ ಜುಮ್ಮು, ಕಿರಿಕಿರಿ ಬರುತ್ತವೆ. ಬಿಟ್ಟ ರೋಗ ತಿರುಗಿ ಬರಬಹುದು. ಬಿಡಬೇಕೆನಿಸಿದರೆ ಬರೆದವರನ್ನು ಕೇಳಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ. ಬರೆದವರು ಸಿಗದಿದ್ದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಬಂದರೆ, 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸೇವೆ ಅದು, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. "ಎದಿ ದಸಕ್ ಅಂತೈತ್ರೀ" ಅಂತಲೇ ಶುರು ಮಾಡಿ.